ಮಗು ಬಂದು ಹೇಳುವಂತಿರಬೇಕು: ಪ್ರೌಢಶಾಲೆಯಲ್ಲಿ ಡಿಜಿಟಲ್ ಹೊಣೆಗಾರಿಕೆಯ ಪಾಠ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಫೋಟೊವನ್ನು ಸಹಪಾಠಿಗಳು ಅಣಕದ ಸ್ಟಿಕ್ಕರ್ ಮಾಡಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿಬಿಟ್ಟರು. ಅವಳು ಯಾರಿಗೂ ಹೇಳದೆ ಶಾಲೆಗೆ ಬರುವುದನ್ನೇ ನಿಲ್ಲಿಸಿದ ಮೇಲೆ ನಮಗೆ ವಿಷಯ ಗೊತ್ತಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಸೈಬರ್ ಕಾನೂನಿನ ಶಿಕ್ಷೆಗಳನ್ನು ಓದಿ ಹೇಳಿ ಮಕ್ಕಳನ್ನು ಹೆದರಿಸಿದರೆ ಸಾಕು ಎಂಬುದು ಕೆಲವು ಸಹೋದ್ಯೋಗಿಗಳ ಅಭಿಪ್ರಾಯ. ನಮ್ಮಲ್ಲಿ ಕಂಪ್ಯೂಟರ್ ಶಿಕ್ಷಕರಿಲ್ಲ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಚ್ಚಿನ ಮಕ್ಕಳು ಮನೆಯವರ ಮೊಬೈಲನ್ನೇ ಬಳಸುತ್ತಾರೆ. ಡಿಜಿಟಲ್ ತಂತ್ರಜ್ಞಾನವನ್ನು ಸುರಕ್ಷಿತವಾಗಿ, ನೀತಿಯಿಂದ, ಹೊಣೆಯರಿತು ಬಳಸುವುದನ್ನು ಇಂಥ ಶಾಲೆಯಲ್ಲಿ ಕಲಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸ್ಟಿಕ್ಕರ್ ಮಾಡಿದವರ ನಡತೆಗಿಂತ ಆ ಹುಡುಗಿಯ ಮೌನ. ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿದ್ದಿರಬೇಕು. ‘ನಿನ್ನ ಫೋಟೊ ಅವರ ಕೈಗೆ ಹೇಗೆ ಹೋಯಿತು’ ಎಂಬ ಪ್ರಶ್ನೆ ಮೊದಲು ಬರುತ್ತದೆ, ಮನೆಯ ಮೊಬೈಲ್ ಅವಳ ಕೈಗೆ ಸಿಗದಂತಾಗುತ್ತದೆ, ಎಸ್ಸೆಸ್ಸೆಲ್ಸಿ ಮುಗಿಸಿ ಪೇಟೆಯ ಕಾಲೇಜಿಗೆ ಹೋಗುವ ಮಾತು ಬಂದಾಗ ಯಾರಾದರೂ ಈ ಸಂಗತಿಯನ್ನು ಮತ್ತೆ ಎತ್ತುತ್ತಾರೆ. ಬೇರೆಯವರು ಮಾಡಿದ ತಪ್ಪಿಗೆ ನಮ್ಮ ಹೆಣ್ಣುಮಕ್ಕಳು ಓದನ್ನೇ ತೆರಬೇಕಾಗಿ ಬರುವುದು ಹೀಗೆ. ಆದ್ದರಿಂದ ನನ್ನ ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ: ತಾನೇ ತಪ್ಪು ಮಾಡಿದ್ದರೂ, ಬೇರೆಯವರಿಂದ ತನಗೆ ತೊಂದರೆಯಾಗಿದ್ದರೂ, ಮಗು ಅದೇ ದಿನ ಬಂದು ಹೇಳಿಕೊಳ್ಳಬಹುದಾದ ಹಿರಿಯರೊಬ್ಬರು ಶಾಲೆಯಲ್ಲಿ ಇರುವಂತೆ ಮಾಡುವುದೇ ಈ ಶಿಕ್ಷಣದ ಮೊದಲ ಕೆಲಸ. ಪಾಸ್‌ವರ್ಡ್, ಪ್ರೈವೆಸಿ ಸೆಟ್ಟಿಂಗ್, ಸುಳ್ಳು ಸುದ್ದಿ ಇವುಗಳ ಪಾಠ ಆಮೇಲಿನದು.

ಈ ದೃಷ್ಟಿಯಿಂದ ನೋಡಿದರೆ ನಿಮ್ಮ ಸಹೋದ್ಯೋಗಿಗಳ ಸಲಹೆ ಏಕೆ ಕೆಲಸ ಮಾಡುವುದಿಲ್ಲ ಎಂಬುದು ತಿಳಿಯುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತು ಕಲಮುಗಳನ್ನೂ ಜೈಲಿನ ವರ್ಷಗಳನ್ನೂ ಕೇಳಿದಾಗ ಎಲ್ಲರಿಗಿಂತ ಹೆಚ್ಚು ಹೆದರುವವರು ಈಗಾಗಲೇ ತೊಂದರೆಯಲ್ಲಿರುವ ಮಕ್ಕಳು. ಅಪರಿಚಿತನೊಬ್ಬನಿಗೆ ಫೋಟೊ ಕಳುಹಿಸಿ ಈಗ ಅವನ ಬೆದರಿಕೆಗೆ ಒಳಗಾಗಿರುವ ಹುಡುಗನೋ ಹುಡುಗಿಯೋ ‘ನಾನೂ ಅಪರಾಧಿಯೇ’ ಎಂದು ಭಾವಿಸಿ ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ. ಕಾನೂನನ್ನು ಖಂಡಿತ ಕಲಿಸಬೇಕು. ಆದರೆ ಅದು ತನ್ನ ಬೆನ್ನಿಗೆ ನಿಲ್ಲುತ್ತದೆ ಎಂದು ಮಗುವಿಗೆ ಅನ್ನಿಸುವ ಹಾಗೆ ಕಲಿಸಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಮಾಜ ವಿಜ್ಞಾನದ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಬಂದಾಗ ಇದನ್ನು ಹೇಳಿ, ‘ನನ್ನ ಫೋಟೊವನ್ನು ಅಳಿಸು ಎಂದು ಕೇಳುವುದು ಜಗಳ ತೆಗೆಯುವುದಲ್ಲ, ನನ್ನ ಹಕ್ಕಿನ ಮಾತು’ ಎಂಬ ಅರಿವನ್ನು ಮಕ್ಕಳಲ್ಲಿ ಮೂಡಿಸಬಹುದು.

ಈಗ ನಡೆದಿರುವ ಘಟನೆಯ ವಿಚಾರಕ್ಕೆ ಬರುತ್ತೇನೆ. ಹುಡುಗಿಯನ್ನು ಕೇಳದೆ ಯಾವ ಸಭೆಯನ್ನೂ ಕರೆಯಬೇಡಿ. ಅವಳು ನಂಬುವ ಒಬ್ಬ ಶಿಕ್ಷಕಿ ಅವಳ ಜೊತೆ ಒಬ್ಬರೇ ಕುಳಿತು, ಏನಾಗಬೇಕೆಂದು ಅವಳ ಬಾಯಿಂದಲೇ ಕೇಳಬೇಕು. ತಂದೆತಾಯಿಗೆ ಹೇಗೆ, ಯಾವಾಗ, ಯಾರು ಹೇಳಬೇಕು ಎಂಬುದನ್ನೂ ಅವಳ ಜೊತೆ ಮಾತಾಡಿಯೇ ನಿರ್ಧರಿಸಬೇಕು. ಸ್ಟಿಕ್ಕರನ್ನು ನೋಡುವ ಅಗತ್ಯ ಬಿದ್ದರೆ ಅದು ಇರುವ ಮೊಬೈಲಿನಲ್ಲೇ ನೋಡಿ. ಸಾಕ್ಷಿಗೆಂದು ಶಿಕ್ಷಕರ ಗುಂಪಿಗೆ ಕಳುಹಿಸಿಕೊಂಡರೆ ಅದು ಇನ್ನಷ್ಟು ಕಣ್ಣುಗಳಿಗೆ ಬೀಳುತ್ತದೆ, ನಿಲ್ಲಿಸಬೇಕಾದವರೇ ಹರಡಿದಂತೆ ಆಗುತ್ತದೆ. ಗುಂಪಿನ ಅಡ್ಮಿನ್‌ಗೆ ಬೇರೆಯವರ ಸಂದೇಶವನ್ನೂ ಎಲ್ಲರ ಮೊಬೈಲಿನಿಂದ ಅಳಿಸುವ ಅವಕಾಶವನ್ನು ವಾಟ್ಸ್‌ಆ್ಯಪ್ ಕೊಟ್ಟಿದೆ. ಆದರೆ ಸ್ಟಿಕ್ಕರನ್ನು ಯಾರಾದರೂ ತಮ್ಮ ಮೆಚ್ಚಿನ ಪಟ್ಟಿಗೆ ಸೇರಿಸಿಕೊಂಡಿದ್ದರೆ ಗುಂಪಿನಲ್ಲಿ ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಕೈಯಾರೆ ತೆಗೆಯಬೇಕಾಗುತ್ತದೆ. ಇದನ್ನು ಶಿಕ್ಷೆಯೆಂದು ಮಾಡಿಸದೆ, ಆದ ಹಾನಿಯನ್ನು ಸರಿಪಡಿಸುವ ಮೊದಲ ಹೆಜ್ಜೆಯೆಂದು ಮಾಡಿಸಿ. ಮಾಡಿದವರನ್ನೂ ಕಳುಹಿಸಿದವರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿ. ನಗುವ ಇಮೋಜಿ ಹಾಕಿದವರು, ಸುಮ್ಮನೆ ನೋಡಿದವರು ತಮಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ನೀತಿಯ ಪಾಠ ಹೆಚ್ಚು ಬೇಕಾಗಿರುವುದು ಅವರಿಗೇ, ಏಕೆಂದರೆ ನೋಡುವವರಿಲ್ಲದೆ ಇಂಥ ಅಣಕಕ್ಕೆ ಬಲವಿಲ್ಲ. ‘ಇದನ್ನು ತೆಗಿ ಮಾರಾಯಾ’ ಎಂದು ಗುಂಪಿನಲ್ಲಿ ಮೊದಲು ಬರೆಯುವ ಒಬ್ಬನನ್ನು ತಯಾರು ಮಾಡಿದರೂ ನಿಮ್ಮ ವರ್ಷದ ಶ್ರಮ ಸಾರ್ಥಕ.

ಅಣಕದ ಸ್ಟಿಕ್ಕರನ್ನು ಶಾಲೆಯೇ ಬಗೆಹರಿಸಬಹುದು. ನಗ್ನ ಅಥವಾ ಲೈಂಗಿಕ ಚಿತ್ರವನ್ನು ಹಾಗೆ ಬಗೆಹರಿಸಲಾಗದು, ಅದು ಕೃತಕ ಬುದ್ಧಿಮತ್ತೆಯ ಆ್ಯಪ್‌ನಿಂದ ಮುಖ ಅಂಟಿಸಿ ಮಾಡಿದ್ದೇ ಆಗಿದ್ದರೂ ಸರಿ. ಈ ಗೆರೆ ಎಲ್ಲಿದೆ ಎಂಬುದು ನಿಮ್ಮ ಶಾಲೆಯ ಪ್ರತಿಯೊಬ್ಬ ಸಿಬ್ಬಂದಿಗೂ ತಿಳಿದಿರಬೇಕು. ಮಕ್ಕಳನ್ನು ಅಶ್ಲೀಲವಾಗಿ ತೋರಿಸುವ ಚಿತ್ರಗಳನ್ನು ಮಾಡುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 67ಬಿ ಕಲಮಿನ ಅಪರಾಧ. ಅಂಥದ್ದನ್ನು ಇಟ್ಟುಕೊಳ್ಳುವುದೂ 2012ರ ಪೋಕ್ಸೊ ಕಾಯ್ದೆಯ 15ನೇ ಕಲಮಿನ ವ್ಯಾಪ್ತಿಗೆ ಬರಬಹುದು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು ಎಂದು ಅದೇ ಕಾಯ್ದೆಯ 19ನೇ ಕಲಮು ಹೇಳುತ್ತದೆ. ತಿಳಿಸದೆ ಮುಚ್ಚಿಟ್ಟರೆ 21ನೇ ಕಲಮಿನಡಿ ಅದೇ ಶಿಕ್ಷಾರ್ಹ. ‘ಶಾಲೆಯ ಹೆಸರು ಕೆಡುತ್ತದೆ, ಊರಿನಲ್ಲೇ ರಾಜಿ ಮಾಡೋಣ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಮಾಡಿದವನೂ ಮಗುವೇ ಆಗಿದ್ದರೆ ಅವನ ವಿಚಾರವನ್ನು 2015ರ ಬಾಲನ್ಯಾಯ ಕಾಯ್ದೆ ನೋಡಿಕೊಳ್ಳುತ್ತದೆ, ಅವನ ಗುರುತನ್ನು ಕಾಪಾಡುವುದೂ ಕಾನೂನಿನ ಮಾತೇ. ಚಿತ್ರ ಈಗಾಗಲೇ ಹರಡಿದೆ ಎಂಬ ಭಯ ಮಗುವಿಗಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯನ್ನು ತೋರಿಸಿಕೊಡಿ. 18 ವರ್ಷ ತುಂಬುವ ಮೊದಲು ತೆಗೆದ ಚಿತ್ರಗಳಿಗೆಂದೇ ಇರುವ ಈ ಸೇವೆಯಲ್ಲಿ ಚಿತ್ರ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ; ಅದರ ಡಿಜಿಟಲ್ ಗುರುತು ಮಾತ್ರ ಸಿದ್ಧವಾಗಿ, ಯೋಜನೆಯಲ್ಲಿ ಸೇರಿರುವ ಕಂಪನಿಗಳು ಅದನ್ನು ಬಳಸಿ ತಮ್ಮ ತಾಣಗಳಿಂದ ಆ ಚಿತ್ರವನ್ನು ತೆಗೆಯುತ್ತವೆ.

ಮನೆಯ ಮೊಬೈಲಿನ ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಸಿಗುವ ಕೈಪಿಡಿಗಳಲ್ಲಿ ಹೆಚ್ಚಿನವು ಸ್ವಂತ ಮೊಬೈಲ್, ಸ್ವಂತ ಕೋಣೆ ಇರುವ ಪೇಟೆಯ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಹೊಸನಗರದ ಒಂಟಿ ಮನೆಯೊಂದರಲ್ಲಿ ಸಂಜೆ ಅಪ್ಪ ತೋಟದಿಂದ ಬಂದ ಮೇಲಷ್ಟೇ ಮೊಬೈಲ್ ಮಗುವಿನ ಕೈಗೆ ಸಿಗುತ್ತದೆ. ಅದರಲ್ಲಿ ಅಪ್ಪನ ಬ್ಯಾಂಕಿನ ಸಂದೇಶ, ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್‌ಕೋಸ್‌ನ ಧಾರಣೆ, ಅಮ್ಮನ ಸ್ವಸಹಾಯ ಸಂಘದ ಗುಂಪು, ಊರಿನ ಯಾರದೋ ಜಗಳದ ಧ್ವನಿ ಸಂದೇಶ ಎಲ್ಲವೂ ಇರುತ್ತವೆ. ಅಷ್ಟೇ ಅಲ್ಲ, ಮನೆಯಲ್ಲಿ ಆ ಯಂತ್ರ ಚೆನ್ನಾಗಿ ಗೊತ್ತಿರುವುದು ಆ ಮಗುವಿಗೇ. ಅಜ್ಜಿಯ ಪಿಂಚಣಿ ಬಂದಿದೆಯೇ ಎಂದು ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ಯುಪಿಐ ಪಿನ್ ಒತ್ತುವುದು ಎಲ್ಲ ಹದಿನಾಲ್ಕರ ಹರೆಯದ ಮಗುವಿನ ಪಾಲಿಗೆ ಬಂದಿದೆ. ಇಡೀ ಮನೆಯ ಗುಟ್ಟು ಮತ್ತು ಹಣ ತನ್ನ ಬೆರಳ ತುದಿಯಲ್ಲಿದೆ ಎಂಬ ಅರಿವೇ ಹೊಣೆಗಾರಿಕೆಯನ್ನು ಕಲಿಸಲು ನಮಗೆ ಸಿಕ್ಕಿರುವ ಅತ್ಯುತ್ತಮ ಅವಕಾಶ. ‘ನಿನಗೆ ಅಪಾಯವಿದೆ, ಎಚ್ಚರ’ ಎಂದರೆ ಕಿವಿಗೊಡದ ಮಗು ‘ನಿನ್ನ ಮನೆಯನ್ನು ನೀನು ಕಾಯಬೇಕು’ ಎಂದರೆ ನೆಟ್ಟಗೆ ಕೂರುತ್ತದೆ. ಬೇರೆಯವರಿಗೆ ಬಂದ ಸಂದೇಶವನ್ನು ತೆರೆದು ಓದಬಾರದು, ಕಣ್ಣಿಗೆ ಬಿದ್ದರೂ ಹೊರಗೆ ಹೇಳಬಾರದು ಎಂಬುದನ್ನು ಇಲ್ಲಿಂದಲೇ ಕಲಿಸಬಹುದು.

ಹಣದ ವಿಚಾರದಲ್ಲಿ ಮೂರು ಸಂಗತಿಗಳು ಮಕ್ಕಳ ಬಾಯಿಗೆ ಬಂದರೆ ಮನೆಯ ಹಿರಿಯರಿಗೂ ತಲುಪುತ್ತವೆ. ಹಣ ಕಳುಹಿಸಲು ಯುಪಿಐ ಪಿನ್ ಬೇಕು, ಪಡೆಯಲು ಪಿನ್ ಬೇಕಿಲ್ಲ. ಆದ್ದರಿಂದ ‘ನಿಮಗೆ ಹಣ ಬರಲಿದೆ, ಪಿನ್ ಒತ್ತಿ’ ಎಂದವರು ಮೋಸಗಾರರೇ. ವಾಟ್ಸ್‌ಆ್ಯಪ್‌ನಲ್ಲಿ ಬರುವ, ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿರುವ ಫೈಲು ಮದುವೆಯ ಕರೆಯೋಲೆಯ ಹೆಸರಿನಲ್ಲಿರಲಿ, ಕಿಸಾನ್ ಯೋಜನೆಯ ಹೆಸರಿನಲ್ಲಿರಲಿ, ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ, ಮೊಬೈಲಿನೊಳಗೆ ಕೂರುವ ಆ್ಯಪ್, ಅದನ್ನು ಒತ್ತಲೇಬಾರದು. ಮೋಸವಾಗಿಯೇ ಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ಹಾರಿ ನಗದಾಗುವ ಮೊದಲು ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಇಲ್ಲಿಯೂ ನನ್ನ ಮೊದಲಿನ ಮಾತೇ ಬರುತ್ತದೆ. ತನ್ನ ಕೈತಪ್ಪಿನಿಂದ ಅಪ್ಪನ ಹಣ ಹೋಯಿತೆಂದು ಹೆದರಿ ಮಗು ರಾತ್ರಿಯಿಡೀ ಸುಮ್ಮನಿದ್ದರೆ ತಡೆಯಬಹುದಾಗಿದ್ದ ಹಣವೂ ಹೋಗುತ್ತದೆ. ಬಯ್ಗುಳ ಆಮೇಲಿರಲಿ, ಮೊದಲು ಕರೆ ಮಾಡಿ ಎಂದು ತಂದೆತಾಯಿಗೆ ನೀವೇ ಹೇಳಬೇಕು.

ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠಕ್ಕೆ ಮಲೆನಾಡಿನ ಮಳೆಗಾಲಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಬೇಡ. ಜೂನ್ ಕಳೆದು ಜುಲೈ ಬಂದರೆ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಆದೇಶದ ಚಿತ್ರಕ್ಕಾಗಿ ಮಕ್ಕಳೂ ಶಿಕ್ಷಕರೂ ಮೊಬೈಲ್ ನೋಡುತ್ತಾ ಕೂರುತ್ತೇವೆ. ಹಳೆಯ ಆದೇಶವನ್ನೋ ಪಕ್ಕದ ಜಿಲ್ಲೆಯ ಆದೇಶವನ್ನೋ ಹೊಸದೆಂದು ಕಳುಹಿಸುವುದು, ದಿನಾಂಕ ತಿದ್ದುವುದು ಬಹಳ ಸುಲಭ. ಒಂದು ನಿಜವಾದ ಹಳೆಯ ಆದೇಶವನ್ನೂ, ನೀವೇ ತಿದ್ದಿದ ಇನ್ನೊಂದನ್ನೂ ಕಾಗದದ ಮೇಲೆ ಮುದ್ರಿಸಿ, ತಿದ್ದಿದ್ದರ ಮೇಲೆ ‘ಅಭ್ಯಾಸಕ್ಕಾಗಿ’ ಎಂದು ದಪ್ಪಕ್ಷರದಲ್ಲಿ ಬರೆದು, ತರಗತಿಗೆ ಕೊಡಿ. ಪಾಠ ಮುಗಿದ ಮೇಲೆ ವಾಪಸು ತೆಗೆದುಕೊಳ್ಳಿ. ದಿನಾಂಕಕ್ಕೂ ವಾರಕ್ಕೂ ಹೊಂದಿಕೆಯಾಗುತ್ತದೆಯೇ, ಯಾವ ತಾಲ್ಲೂಕಿನ ಹೆಸರಿದೆ, ಅಂಗನವಾಡಿಗೋ ಪಿಯುಸಿವರೆಗೋ, ಸಹಿ ಯಾರದು, ಇದೇ ವಿಷಯ ಜಿಲ್ಲಾಡಳಿತದಿಂದಲೋ ಬಿಇಒ ಕಚೇರಿಯಿಂದಲೋ ಬಂದಿದೆಯೇ ಎಂದು ಮಕ್ಕಳೇ ಹುಡುಕಲಿ. ಇದಕ್ಕೆ ಕರೆಂಟೂ ಬೇಡ, ನೆಟ್‌ವರ್ಕೂ ಬೇಡ. ಆಮೇಲೆ ನಿಜವಾದ ಪ್ರಶ್ನೆಯನ್ನು ಕೇಳಿ: ಸುಳ್ಳು ಆದೇಶದಿಂದ ಯಾರಿಗೆ ಏನಾಗುತ್ತದೆ? ಸುಳ್ಳು ಆದೇಶಗಳಿಂದ ಬೇಸತ್ತು, ನಿಜವಾದ ರಜೆಯ ಆದೇಶವನ್ನೂ ನಂಬದ ಮಗು ತುಂಬಿದ ಹಳ್ಳದ ಮೇಲಿನ ಕಾಲುಸಂಕ ದಾಟಿ ಬರುತ್ತದೆ. ತಮಾಷೆಗೆ ಒತ್ತಿದ ಫಾರ್ವರ್ಡ್ ಗುಂಡಿಗೂ ಆ ಕಾಲುಸಂಕಕ್ಕೂ ಇರುವ ನಂಟನ್ನು ಮಕ್ಕಳು ಒಮ್ಮೆ ಕಂಡರೆ ನೀತಿಯ ಬಗ್ಗೆ ನೀವು ಬೇರೆ ಉಪನ್ಯಾಸ ಕೊಡಬೇಕಾಗಿಲ್ಲ.

ವಿಡಿಯೊಗಳಿಗೂ ಇದೇ ಕ್ರಮ. ಶಿವಮೊಗ್ಗದಲ್ಲಿ ತುಂಗೆ ಉಕ್ಕಿದಳು ಎಂಬ ವಿಡಿಯೊ ಬಂದರೆ ಕೋರ್ಪಲಯ್ಯನ ಛತ್ರದ ಮಂಟಪ ಎಷ್ಟು ಮುಳುಗಿದೆ ಎಂದು ನೋಡುವುದು ಅಲ್ಲಿಯವರಿಗೆ ರೂಢಿ. ನಿಮ್ಮ ಮಕ್ಕಳಿಗೆ ತೀರ್ಥಹಳ್ಳಿಯ ರಾಮಮಂಟಪ ಹಾಗೆಯೇ ಗುರುತು. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದಿದೆ ಎಂಬ ವಿಡಿಯೊದಲ್ಲಿ ರಸ್ತೆಯ ಅಗಲ, ತಡೆಗೋಡೆ, ವಾಹನದ ನೋಂದಣಿ ಸಂಖ್ಯೆ, ಜನರಾಡುವ ಭಾಷೆ ಎಲ್ಲವೂ ಸಾಕ್ಷಿಯೇ. ಊರು ಗೊತ್ತಿರುವ ಕಣ್ಣಿಗೆ ಇರುವ ಈ ಶಕ್ತಿ ಯಾವ ಆ್ಯಪ್‌ಗೂ ಇಲ್ಲ. ಕಣ್ಣಿಗೆ ತೀರ್ಮಾನವಾಗದಿದ್ದಾಗ ವಿಡಿಯೊದ ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ಚಿತ್ರ ಹಿಂದೆ ಎಲ್ಲಿ ಬಂದಿತ್ತು ಎಂದು ಅನೇಕ ಸಲ ಸಿಗುತ್ತದೆ. ಆರೋಗ್ಯದ ಸಂದೇಶಗಳಲ್ಲಿ ಮಾತ್ರ ಮಕ್ಕಳ ಊಹೆಗೆ ಬಿಡಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಾದ ಮಂಗನ ಕಾಯಿಲೆ ಇಂದಿಗೂ ನಮ್ಮ ನಡುವೆ ಇದೆ. ಅದಕ್ಕೆ ಇಂಥ ಮದ್ದು ಸಾಕು ಎಂಬ ಸಂದೇಶ ಬಂದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳುವುದು ಒಂದೇ ಸರಿಯಾದ ದಾರಿ.

ಕೃತಕ ಬುದ್ಧಿಮತ್ತೆಯಿಂದ ಪ್ರಾಜೆಕ್ಟ್ ಬರೆಸಿಕೊಂಡು ಬರುವ ಮಕ್ಕಳ ಬಗ್ಗೆ ಶಿಕ್ಷಕರು ನನ್ನಲ್ಲಿ ಬೇಸರದಿಂದ ಹೇಳಿಕೊಳ್ಳುವುದುಂಟು. ಬೈಯುವುದಕ್ಕಿಂತ ಅದರ ಮಿತಿಯನ್ನು ತೋರಿಸುವುದು ಮೇಲು. ಕೆಳದಿಯ ಬಗ್ಗೆಯೋ, ನಿಮ್ಮೂರಿನ ಜಾತ್ರೆ, ಕೆರೆ, ದೇವಸ್ಥಾನದ ಬಗ್ಗೆಯೋ ಅದನ್ನು ಕೇಳಿಸಿ, ಬಂದ ಉತ್ತರವನ್ನು ಸಾಲುಸಾಲಾಗಿ ಪರೀಕ್ಷಿಸಲು ಹೇಳಿ: ಕೆಳದಿಯ ಸಂಗತಿಯಾದರೆ ಅಲ್ಲಿಯ ವಸ್ತುಸಂಗ್ರಹಾಲಯವಿದೆ, ನಿಮ್ಮೂರಿನದಾದರೆ ಹಿರಿಯರಿದ್ದಾರೆ, ಶಾಸನಗಳಿವೆ. ಊರಿನ ಮಟ್ಟದ ವಿವರಕ್ಕೆ ಇಳಿದಂತೆ ಈ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವ ಧಾಟಿಯಲ್ಲೇ ಹೇಳುತ್ತವೆ ಎಂಬುದು ಆಗ ಮಕ್ಕಳಿಗೆ ತಾನಾಗಿ ಕಾಣುತ್ತದೆ. ಎಲ್ಲಿಂದ ತೆಗೆದುಕೊಂಡೆ ಎಂದು ಪ್ರಾಜೆಕ್ಟಿನ ಕೊನೆಯಲ್ಲಿ ಬರೆಯುವ ಅಭ್ಯಾಸವನ್ನು ಎಂಟನೇ ತರಗತಿಯಿಂದಲೇ ಮಾಡಿಸಿ. ಚಿತ್ರಕ್ಕೂ ಬರಹಕ್ಕೂ ಒಡೆಯರಿದ್ದಾರೆ ಎಂಬುದು ಅಷ್ಟರಿಂದಲೇ ಮನಸ್ಸಿಗೆ ಹತ್ತುತ್ತದೆ.

ಇನ್ನು ಸ್ವಲ್ಪ ಕಹಿಯಾದ ಮಾತು. ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೊ ಹಂಚಬಾರದು ಎಂದು ಹೇಳುವ ಶಾಲೆ ತಾನೇ ಮಕ್ಕಳ ಫೋಟೊಗಳನ್ನು ಏನು ಮಾಡುತ್ತಿದೆ? ದಾನಿಗಳಿಂದ ನೋಟ್‌ಬುಕ್ ತೆಗೆದುಕೊಳ್ಳಲು ಕೈಚಾಚಿ ನಿಂತ ಮಗುವಿನ ಚಿತ್ರ ಫೇಸ್‌ಬುಕ್‌ನಲ್ಲಿ ಹೆಸರು, ತರಗತಿ, ಊರಿನ ಸಮೇತ ಬರುತ್ತದೆ. ಆ ಮಗುವನ್ನು ಯಾರೂ ಕೇಳಿರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕೆಂದು ಆಧಾರ್ ಪ್ರತಿಯನ್ನೂ ಜಾತಿ ಪ್ರಮಾಣಪತ್ರವನ್ನೂ ತರಗತಿಯ ಗುಂಪಿಗೇ ಹಾಕಲು ಹೇಳುತ್ತೇವೆ. ಅನುತ್ತೀರ್ಣರಾದವರ ಅಂಕಪಟ್ಟಿ ನೂರು ಪೋಷಕರ ಕಣ್ಣಿಗೆ ಬೀಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಕಾನೂನಿನ ಮಾತು ಹಾಗಿರಲಿ, ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡೆಯನ್ನು ಬೇಗ ಕಲಿಯುತ್ತಾರೆ. ಆದ್ದರಿಂದ ಈ ವರ್ಷ ಮಕ್ಕಳಿಗೆ ನಿಯಮ ಮಾಡುವ ಮೊದಲು ಶಿಕ್ಷಕರ ಕೋಣೆಯಲ್ಲಿ ಮೂರು ನಿಯಮ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ದಾಖಲೆಗಳು ಗುಂಪಿಗೆ ಬಾರದೆ ಒಬ್ಬರ ಕೈಗೇ ಸೇರಲಿ. ಅಂಕಗಳು ಆಯಾ ಪೋಷಕರಿಗೆ ಮಾತ್ರ ತಿಳಿಯಲಿ. ಫೋಟೊ ಹಾಕುವ ಮುನ್ನ ಪೋಷಕರ ಒಪ್ಪಿಗೆಯ ಜೊತೆಗೆ ಮಗುವನ್ನೂ ‘ಹಾಕಬಹುದಾ?’ ಎಂದು ಕೇಳಿ, ಬೇಡವೆಂದರೆ ಬಿಡುವಂತಾಗಲಿ. ವಾರ್ಷಿಕೋತ್ಸವದ ದಿನ ಶಿಕ್ಷಕರೊಬ್ಬರು ಹಾಗೆ ಕೇಳುವುದನ್ನು ಕಂಡ ಹುಡುಗ, ಮುಂದಿನ ಸಲ ಸಹಪಾಠಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಒಂದು ಕ್ಷಣವಾದರೂ ತಡೆಯುತ್ತಾನೆ.

ಆಟ, ರೀಲ್ಸ್, ನಿದ್ದೆಗೇಡಿನ ವಿಚಾರದಲ್ಲಿ ನಾನು ಹೆಚ್ಚು ಹೇಳುವುದಿಲ್ಲ; ಮನೆಯಲ್ಲಿ ಊಟದ ಹೊತ್ತಿಗೆ ಮತ್ತು ಮಲಗುವ ಹೊತ್ತಿಗೆ ಹಿರಿಯರೂ ಮೊಬೈಲ್ ಬದಿಗಿಟ್ಟರೆ ಅರ್ಧ ಕೆಲಸ ಆದಂತೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ ಎಂಬುದನ್ನು ಮಾತ್ರ ಹುಡುಗರಿಗೆ ಸ್ಪಷ್ಟವಾಗಿ ತಿಳಿಸಿ. ಸಂಜೆ ಸಿಗ್ನಲ್ ಹುಡುಕಿಕೊಂಡು ಗುಡ್ಡದ ತಲೆಗೋ ರಸ್ತೆಯ ತಿರುವಿಗೋ ಒಬ್ಬೊಬ್ಬರೇ ಹೋಗುವ ಮಕ್ಕಳು ನಿಮ್ಮಲ್ಲಿಯೂ ಇರಬಹುದು. ಅಂಥವರಿಗೆ ಕತ್ತಲಾದ ಮೇಲೆ ಮಾಡಬೇಕಾದ ಮನೆಪಾಠವನ್ನು ಮೊಬೈಲಿಗೆ ಕಳುಹಿಸದಿರುವುದೂ ಸುರಕ್ಷತೆಯ ಕ್ರಮವೇ.

ಕಂಪ್ಯೂಟರ್ ಶಿಕ್ಷಕರಿಲ್ಲ ಎಂದು ಚಿಂತಿಸಬೇಡಿ. ವಾರಕ್ಕೊಂದು ಅವಧಿ ಸಿಕ್ಕರೆ ಸಾಕು; ಸಿಗದಿದ್ದರೆ ಕನ್ನಡದ ತರಗತಿಯಲ್ಲಿ ಸುದ್ದಿಯ ಪರೀಕ್ಷೆ, ಸಮಾಜ ವಿಜ್ಞಾನದಲ್ಲಿ ಹಕ್ಕು, ಗಣಿತದಲ್ಲಿ ಒಂದು ಸಂದೇಶ ಐದೈದು ಜನರಿಗೆ ಹೋದರೆ ಎಷ್ಟು ಸುತ್ತಿಗೆ ಇಡೀ ತಾಲ್ಲೂಕನ್ನು ಮುಟ್ಟುತ್ತದೆ ಎಂಬ ಲೆಕ್ಕ, ಹೀಗೆ ಹಂಚಿಕೊಳ್ಳಬಹುದು. ಹೇಳಿಕೊಳ್ಳಲು ಹೋಗಬೇಕಾದ ಇಬ್ಬರು ಶಿಕ್ಷಕರು ಯಾರು ಎಂಬುದನ್ನು ಮಕ್ಕಳೇ ಚೀಟಿಯಲ್ಲಿ ಬರೆದು ಆರಿಸಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಪೋಷಕರ ಸಭೆಯನ್ನು ಅಡಿಕೆ ಕೊಯ್ಲಿನ ದಿನಗಳಲ್ಲಿ ಇಡಬೇಡಿ, ಅಮ್ಮಂದಿರು ಬರಲಾಗುವುದಿಲ್ಲ; ಅಪ್ಪಂದಿರು ಮಾತ್ರ ಬಂದ ಸಭೆಯಲ್ಲಿ ಮೊಬೈಲ್ ಕಸಿದುಕೊಳ್ಳುವ ತೀರ್ಮಾನವೇ ಆಗುವ ಸಂಭವ ಹೆಚ್ಚು. ಆ ಸಭೆಯಲ್ಲಿ ಹುಡುಗಿಯ ಹೆಸರು, ತರಗತಿ, ಘಟನೆ ಯಾವುದನ್ನೂ ಎತ್ತದೆ, ‘ಮಗು ಬಂದು ಹೇಳಿದರೆ ಮೊಬೈಲನ್ನೂ ಓದನ್ನೂ ನಿಲ್ಲಿಸುವುದಿಲ್ಲ’ ಎಂಬ ಮಾತನ್ನು ಪೋಷಕರಿಂದ ಪಡೆಯಿರಿ. ಹಣದ ಮೋಸಕ್ಕೆ 1930, ಮಕ್ಕಳ ತೊಂದರೆಗೆ 1098, ತುರ್ತಿಗೆ 112, ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್‌ನ 14416, ಜೊತೆಗೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಯ ವಿಳಾಸ, ಇವಿಷ್ಟನ್ನು ಪ್ರತಿ ಮಗುವಿನ ದಿನಚರಿ ಪುಸ್ತಕದ ಒಳರಕ್ಷಾಪುಟದಲ್ಲಿ ಬರೆಸಿ. ಗೋಡೆಯ ಮೇಲಿನ ಫಲಕದ ಮುಂದೆ ನಿಂತು ಸಂಖ್ಯೆ ಬರೆದುಕೊಳ್ಳುವ ಮಗುವನ್ನು ಉಳಿದವರು ನೋಡುತ್ತಾರೆ. ತನ್ನ ಪುಸ್ತಕವನ್ನು ತೆರೆಯುವ ಮಗುವನ್ನು ಯಾರೂ ಗಮನಿಸುವುದಿಲ್ಲ.